ಸಿಂಬಿ ಇಡದ ತಲೆ

ಇವತ್ತು ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆದೆ. ಹಾಲು ಕಾಯಿಸಿದೆ. ಹುರುಳಿಕಾಳು ನೆನೆಹಾಕಿದೆ. ಮೊರದಲ್ಲಿ ರಾಗಿ ಕೇರಿ ಕಲ್ಲು ಆರಿಸಿದೆ. ನಮ್ಮನೆಯವರ ಪಂಚೆ ಅಂಚಿನಲ್ಲಿ ಹರಿದಿತ್ತು, ಹೊಲಿದೆ. ಹುಣಸೆಹಣ್ಣಿನ ರಾಶಿಯ ಮುಂದೆ ಕೂತು ಮಧ್ಯಾಹ್ನದವರೆಗೂ ಬೀಜ ಬಿಡಿಸಿದೆ. ಬಿಸಿಲು ಇಳಿದ ಮೇಲೆ ಹರಳೆಣ್ಣೆ ಬೆಚ್ಚಗೆ ಮಾಡಿ ಅತ್ತೆಯ ಪಾದಗಳಿಗೆ ತಿಕ್ಕಿದೆ. ಎಲ್ಲವೂ ಕೂತು ಮಾಡುವ ಕೆಲಸ. ನೀರು ತರಲಿಲ್ಲ.

ನೀರು ತರಲಿಲ್ಲ ಎಂದು ಬರೆಯುವುದು ವಿಚಿತ್ರವಾಗಿ ಕಾಣಬಹುದು. ನಮ್ಮೂರು ಮುಳಬಾಗಿಲಿನಿಂದ ನಂಗಲಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ ಇದೆ. ಸಿಹಿನೀರಿನ ಬಾವಿ ಕೆರೆ ಏರಿಯ ಆಚೆ. ನೀರು, ಸೌದೆ, ಗೊಬ್ಬರದ ಮಂಕರಿ, ಹೊಲಕ್ಕೆ ಒಯ್ಯುವ ಊಟ, ಎಲ್ಲವೂ ಹೆಂಗಸರ ತಲೆಯ ಮೇಲೆಯೇ ಹೋಗಬೇಕು. ಹಳೆಸೀರೆ ಹರಿದು ಬಳೆಯ ಹಾಗೆ ಸುತ್ತಿದ ಸಿಂಬಿಯನ್ನು ನೆತ್ತಿಯ ಮೇಲಿಟ್ಟು, ಅದರ ಮೇಲೆ ಬಿಂದಿಗೆ ಕೂರಿಸಿ, ಕೈ ಬೀಸಿಕೊಂಡು ಮಾತಾಡುತ್ತ ಬರುತ್ತೇವೆ. ಮನೆಯಲ್ಲಿ ಆಡಲಾಗದ ಮಾತೆಲ್ಲ ಆ ದಾರಿಯಲ್ಲಿ ಆಗುತ್ತದೆ. ಈಗ ನನ್ನ ತಲೆಯ ಮೇಲೆ ಸಿಂಬಿ ಇಡುವ ಹಾಗಿಲ್ಲ. ನಡುನೆತ್ತಿಯಿಂದ ಬಲಕ್ಕೆ, ಅಂಗೈ ಅಗಲದಷ್ಟು ಜಾಗದಲ್ಲಿ ಮೂಳೆಯಿಲ್ಲ, ಕೂದಲೂ ಇಲ್ಲ. ಬರೀ ಚರ್ಮ. ಕೆಮ್ಮಿದರೆ ಅದು ಉಬ್ಬುತ್ತದೆ. ಬೆರಳಿಟ್ಟರೆ ಒಳಗೆ ಏನೋ ಮಿಡಿಯುವುದು ತಿಳಿಯುತ್ತದೆ. ಎಡಗಾಲು ಎಳೆಯುತ್ತದೆ, ಕೋಲು ಹಿಡಿದು ಹಿತ್ತಿಲಿನವರೆಗೆ ಹೋಗಿಬರುತ್ತೇನೆ.

ಹೋದ ವಾರ ವಕ್ಕಲೇರಿಯಿಂದ ಒಬ್ಬ ಹೆಂಗಸು ತನ್ನ ತಂಗಿಯನ್ನು ಕರೆದುಕೊಂಡು ಬಂದಿದ್ದರು. ತಂಗಿಯ ಬಲಗೈ ಆಗಾಗ ತಾನೇ ತಾನಾಗಿ ಎಗರುತ್ತದಂತೆ. ಕೋಲಾರದ ಡಾಕ್ಟರು ಮದರಾಸಿಗೆ ಹೋಗಿ ತಲೆ ತೋರಿಸಿ ಅಂದಿದ್ದಾರೆ. ಯಾರೋ ನನ್ನ ಹೆಸರು ಹೇಳಿದರಂತೆ. ಅವರು ಕೇಳಿದ್ದು ಎರಡು ಮಾತು. ನೋಯುತ್ತಾ? ಮನೆಯವರನ್ನು ಒಪ್ಪಿಸಿದ್ದು ಹೇಗೆ? ಮೊದಲನೆಯದಕ್ಕೆ ತಿಳಿದಷ್ಟು ಹೇಳಿದೆ. ಎರಡನೆಯದು ಬಾಯಿಗೆ ಬರಲಿಲ್ಲ, ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಶ್ರೀನಿವಾಸಪುರದಲ್ಲಿ ಅಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿಸಿದ್ದು ಇದಕ್ಕಾದರೂ ಆಗಲಿ.

ಕಾಯಿಲೆ ಮೊದಲು ಗೊತ್ತಾದದ್ದು ಬಿಂದಿಗೆಗೆ. ಎರಡನೇ ದೊಡ್ಡ ಯುದ್ಧ ಶುರುವಾಗಿ ಸೀಮೆಎಣ್ಣೆಗೆ ಸಾಲು ನಿಲ್ಲುವ ಕಾಲ. ನನ್ನ ಓರಗಿತ್ತಿ, ಮೈದುನನ ಹೆಂಡತಿ ಮುನಿತಾಯಮ್ಮ, ಬಾವಿಯಿಂದ ಬರುವಾಗ ಯಾವಾಗಲೂ ನನ್ನ ಹಿಂದೆ ನಡೆಯುತ್ತಿದ್ದಳು.

"ಅಕ್ಕಾ, ಬಿಂದಿಗೆ ವಾಲ್ತಾ ಐತೆ. ಕುತ್ತಿಗೆ ನೆಟ್ಟಗೆ ಇಡಕ್ಕ."

"ನೆಟ್ಟಗೇ ಇಟ್ಟಿದೀನಿ ಕಣೇ."

"ಹಂಗಾದ್ರೆ ದಾರೀನೇ ಸೊಟ್ಟಗೈತೆ ಬಿಡು. ಪಂಚಾಯ್ತಿಗೆ ಹೇಳಿ ನೆಟ್ಟಗೆ ಮಾಡ್ಸಣ."

ಮನೆಗೆ ಬಂದು ಅವಳು ನನ್ನ ಕೂದಲು ಬಿಡಿಸಿ ನೋಡಿದಳು. ಅರ್ಧ ನಿಂಬೆಹಣ್ಣು ಕವುಚಿ ಹಾಕಿದ ಹಾಗೆ ಒಂದು ಉಬ್ಬು. ಒತ್ತಿದರೆ ನೋವಿಲ್ಲ, ಅಲುಗುವುದಿಲ್ಲ, ಕಲ್ಲು. ಅತ್ತೆ ಬಂದು ಮುಟ್ಟಿ ನೋಡಿ, ತಮ್ಮ ಅಂಗೈ ಚಾಚಿದರು. ರಾಗಿ ಬೀಸಿ ಬೀಸಿ ಅಲ್ಲಿ ಗಂಟುಗಳಾಗಿದ್ದವು.

"ಕೈ ಗಟ್ಟಿ ಆಗಿಲ್ವಾ? ಹಂಗೇ ತಲೇನೂ ಗಟ್ಟಿ ಆಗೈತೆ. ನೀರು ಹೊರೋಳ ನೆತ್ತಿ ಮೆತ್ತಗಿರುತ್ತಾ? ಸಿಂಬಿ ದಪ್ಪಗೆ ಸುತ್ಕೋ."

ಸರಿ ಎನಿಸಿತು. ಮುನಿತಾಯಮ್ಮ ತನ್ನ ಹಳೆಯ ಹಸಿರು ಸೀರೆಯಲ್ಲಿ ಉಬ್ಬು ಕೂರುವಷ್ಟು ಕುಳಿ ಬಿಟ್ಟು ನನಗೆಂದೇ ಒಂದು ಸಿಂಬಿ ಸುತ್ತಿಕೊಟ್ಟಳು. ಬಿಂದಿಗೆ ಮತ್ತೆ ನೆಟ್ಟಗೆ ಕೂತಿತು. ಕಾಯಿಲೆಗೆ ನಾವು ಮಾಡಿದ ಮೊದಲ ಚಿಕಿತ್ಸೆ ಅದು, ಅದು ಆರಾಮವಾಗಿ ಬೆಳೆಯಲು ಜಾಗ ಮಾಡಿಕೊಟ್ಟದ್ದು.

ಆ ವರ್ಷ ಊರ ಗಂಗಮ್ಮನಿಗೆ ದೀಪ ಹೊರುವ ದಿನ ಬಂತು. ಅಕ್ಕಿಹಿಟ್ಟಿಗೆ ಬೆಲ್ಲ ಕಲಸಿ ತಂಬಿಟ್ಟು ಮಾಡಿ, ಅದರಲ್ಲೇ ಹಣತೆಯ ಹಾಗೆ ಕುಳಿ ಮಾಡಿ, ತುಪ್ಪದ ಬತ್ತಿ ಹಚ್ಚಿ, ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ಗುಡಿಗೆ ಹೋಗುವುದು. ನಮ್ಮ ಮನೆಯ ದೀಪ ದೊಡ್ಡ ಸೊಸೆಯಾದ ನನ್ನದು. ಗುಡಿ ಇನ್ನೇನು ಬಂತು ಅನ್ನುವಾಗ ಎಡಗಾಲಿನ ಹೆಬ್ಬೆರಳು ಅದುರಿತು. ಆಮೇಲೆ ಹಿಮ್ಮಡಿ, ಆಮೇಲೆ ಮೊಣಕಾಲು. ಕಾಲು ನೆಲಕ್ಕೆ ತಟತಟ ಬಡಿಯತೊಡಗಿತು. ನಾನು ಹೇಳದ ಕೆಲಸವನ್ನು ನನ್ನ ಕಾಲು ಮಾಡುತ್ತಿತ್ತು. ನಿಲ್ಲಿಸೋಣವೆಂದರೆ ನಿಲ್ಲದು. ಎಚ್ಚರ ಇತ್ತು, ಎಲ್ಲ ಕೇಳಿಸುತ್ತಿತ್ತು. ಮುನಿತಾಯಮ್ಮ ಹಿಂದಿನಿಂದ ತಟ್ಟೆ ಹಿಡಿದುಕೊಂಡಳು, ದೀಪ ಆರಲಿಲ್ಲ. ಆರದೇ ಇದ್ದದ್ದೇ ದೊಡ್ಡದಾಯಿತು. "ಅಮ್ಮ ಬಂದ್ಲು, ಅಮ್ಮ ಬಂದ್ಲು" ಎಂದು ಹೆಂಗಸರು ಕೂಗಿದರು. ತಮಟೆಯವರು ಜೋರಾಗಿ ಬಡಿದರು.

ಅತ್ತೆ ಬಂದು ನೆಲಕ್ಕೆ ಬಿದ್ದು ನನ್ನ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದರು. ನನ್ನನ್ನು "ಏ ಪಾರ್ವತಿ" ಎಂದು ಬಿಟ್ಟರೆ ಬೇರೆ ಕರೆದವರಲ್ಲ. ಮನೆಯಲ್ಲಿ ನಾವಾಡುವುದು ಕನ್ನಡ. ದೇವರ ಹತ್ತಿರ ಮಾತ್ರ ಅತ್ತೆ ತಮ್ಮ ತವರಿನ ತೆಲುಗು ಆಡುತ್ತಿದ್ದರು.

"ಕೋಪಂ ಪೋಯಿಂದಾ ತಲ್ಲೀ? ನಾ ಮೀದ ಕೋಪಂ ಪೋಯಿಂದಾ?" ಎಂದರು. ಕೋಪ ಹೋಯಿತಾ ತಾಯಿ, ನನ್ನ ಮೇಲಿನ ಕೋಪ ಹೋಯಿತಾ ಎಂದು.

ಅಷ್ಟು ಹೊತ್ತಿಗೆ ಕಾಲು ನಿಂತಿತು. ಅದು ನಿಲ್ಲುವ ಹೊತ್ತು, ನಿಂತಿತು. ಅತ್ತೆ ಪಾದಕ್ಕೆ ಹಣೆಯಿಟ್ಟು ಗೊಳೋ ಎಂದು ಅತ್ತರು.

ಏನು ಕೋಪ ಎಂಬುದು ಊರಿಗೆಲ್ಲ ಗೊತ್ತಿತ್ತು. ಅತ್ತೆಗೆ ಒಬ್ಬಳೇ ಮಗಳು ಇದ್ದಳಂತೆ. ನಾನು ಈ ಮನೆಗೆ ಬರುವುದಕ್ಕೆ ಎಷ್ಟೋ ಮೊದಲಿನ ಮಾತು. ಮಗುವಿಗೆ ಸಿಡುಬು ಬಂತು. ಸಿಡುಬು ಅಂದರೆ ನಮ್ಮಲ್ಲಿ ಅಮ್ಮ ಬಂದಿರುವುದು. ಬೇವಿನೆಲೆ ಹಾಸಿ, ತಣ್ಣಗಿಟ್ಟು, ಅವಳು ಇಳಿಯುವವರೆಗೆ ಕಾಯಬೇಕು. ಅತ್ತೆಗೆ ಕಾಯುವ ಧೈರ್ಯ ಬರಲಿಲ್ಲ. ಗಾಡಿ ಕಟ್ಟಿಸಿ ಮುಳಬಾಗಿಲಿನ ಆಸ್ಪತ್ರೆಗೆ ಹೊತ್ತೊಯ್ದರು. ವಾಪಸು ಬರುವ ದಾರಿಯಲ್ಲಿ ಮಗು ಹೋಯಿತು. ಬಂದ ಅಮ್ಮನನ್ನು ಔಷಧಿ ಹಾಕಿ ಓಡಿಸಲು ಹೋದಳು, ಅದಕ್ಕೇ ಮಗೂನ ಕರ್ಕೊಂಡೇ ಹೋದ್ಲು ಎಂದು ಜನ ಅಂದರು. ಅಂದಿನಿಂದ ಅತ್ತೆಗೆ ಶುಕ್ರವಾರ ಹಗಲು ಉಪವಾಸ. ಅವರು ಅಷ್ಟು ವರ್ಷ ಕಲ್ಲಿನ ಗಂಗಮ್ಮನನ್ನು ಆ ಒಂದೇ ಮಾತು ಕೇಳಿದ್ದರು. ಕಲ್ಲು ಏನೂ ಹೇಳಿರಲಿಲ್ಲ. ನನ್ನ ಕಾಲು ಹೇಳಿತು.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಅವು ನನ್ನ ಬಾಳಿನ ಒಳ್ಳೆಯ ದಿನಗಳು. ಮದುವೆಯಾಗಿ ಬಂದಾಗಿನಿಂದ ನಾನು ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವಳು. ತಣ್ಣಗಾಗಿ ಮೇಲೆ ಸಿಪ್ಪೆಗಟ್ಟಿದ ಮುದ್ದೆಯೇ ಮುದ್ದೆ ಎಂದುಕೊಂಡಿದ್ದೆ. ಈಗ ಅತ್ತೆ ಪಾತ್ರೆಯಿಂದ ತೆಗೆದ ಮೊದಲ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, "ಉಣ್ಣು ತಾಯೀ" ಅನ್ನುತ್ತಿದ್ದರು. ಬೆರಳು ಸುಡುವ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಾಗ ಬರುವ ಆ ವಾಸನೆ ನನಗೆ ಆ ವಯಸ್ಸಿನಲ್ಲಿ ಹೊಸದು. ನೀರು ಹೊರುವುದು ಬೇಡ ಅಂದರು. ತಲೆಯ ಉಬ್ಬು ಅಮ್ಮನ ಪೀಠವಾಯಿತು. ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ. ಕಾಲು ಅದುರಿದಾಗಲೆಲ್ಲ ಅತ್ತೆ ಅದೇ ಮಾತು ಕೇಳುವರು, ಕಾಲು ನಿಲ್ಲುವುದು, ಅವರು ಕಣ್ಣೊರೆಸಿಕೊಂಡು ಹಗುರವಾಗಿ ಏಳುವರು. ಶುಕ್ರವಾರವೇ ಬರುತ್ತಿತ್ತು ಎಂದಲ್ಲ. ಬಂದ ದಿನಗಳಲ್ಲಿ ಶುಕ್ರವಾರಗಳನ್ನಷ್ಟೇ ನಾವು ನೆನಪಿಟ್ಟುಕೊಂಡೆವು.

ನಾನು ಹೇಳಿದ್ದೆ. "ಅತ್ತೆ, ನನಗೇನೂ ಕಾಣಿಸಲ್ಲ, ಏನೂ ಕೇಳಿಸಲ್ಲ. ಕಾಲು ಅದುರುತ್ತೆ, ಅಷ್ಟೇ."

"ಬಂದೋಳಿಗೆ ಎಲ್ಲಿ ತಿಳಿಯುತ್ತೆ ತಾಯೀ? ನೋಡೋರಿಗೆ ತಿಳಿಯೋದು."

ಅಮ್ಮ ನಿಜವಾಗಿ ಬರುತ್ತಿರಲೂಬಹುದೇನೋ ಎಂದು ನನಗೂ ಅನಿಸುತ್ತಿತ್ತು.

ಆದರೆ ಅದುರಿ ನಿಂತ ಮೇಲೆ ಕಾಲು ನೆನೆದ ಗೋಣಿಚೀಲದ ಹಾಗೆ ಭಾರವಾಗುತ್ತಿತ್ತು. ಮೊದಮೊದಲು ಒಂದು ಗಳಿಗೆ, ಆಮೇಲೆ ಅರ್ಧ ದಿನ. ಒಂದು ದಿನ ಮುನಿತಾಯಮ್ಮ ನನ್ನ ಕಾಲಿಗೆ ಅರಿಶಿನ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ಅಕ್ಕಾ, ಈ ಕಾಲುಂಗುರ ನೋಡು. ಬಲಗಾಲಿಂದು ಹಂಗೇ ಐತೆ. ಎಡಗಾಲಿಂದು ಮುಂದ್ಗಡೆ ಸವೆದು ದಾರದಂಗಾಗೈತೆ."

ನಿಜ. ನಾನು ಕಾಲು ಎತ್ತಿ ಇಡುತ್ತಿಲ್ಲ, ನೆಲಕ್ಕೆ ಉಜ್ಜಿಕೊಂಡು ಎಳೆಯುತ್ತಿದ್ದೇನೆ ಎಂದು ಬೆಳ್ಳಿ ಹೇಳುತ್ತಿತ್ತು. ನಾವಿಬ್ಬರೂ ಅತ್ತೆಗೆ ಹೇಳಲಿಲ್ಲ. ಅವರು ಆ ದಿನ ಹಿತ್ತಿಲಲ್ಲಿ ಏನೋ ಗುನುಗಿಕೊಳ್ಳುತ್ತ ಅವರೆ ಬಳ್ಳಿಗೆ ಚಪ್ಪರ ಕಟ್ಟುತ್ತಿದ್ದರು. ಅವರು ಗುನುಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿಯೇ ಇರಲಿಲ್ಲ.

ದೀಪದ ದಿನ ಕಳೆದು ವರ್ಷ ಸಮೀಪಿಸುವಾಗ, ಒಂದು ಮಧ್ಯಾಹ್ನ ಕಾಲಿನಿಂದ ಶುರುವಾದದ್ದು ಮೈಯೆಲ್ಲ ಹತ್ತಿ ನನಗೆ ಎಚ್ಚರ ತಪ್ಪಿತು. ನಾಲಿಗೆ ಕಚ್ಚಿಕೊಂಡಿದ್ದೆ. ಎದ್ದಾಗ ಎಡಗಾಲು ಇಲ್ಲವೇ ಇಲ್ಲ ಎಂಬಷ್ಟು ಸತ್ತಿತ್ತು. ನಮ್ಮನೆಯವರು, ಅವರು ಮಾತು ಕಡಿಮೆ, ಯಾರನ್ನೂ ಕೇಳದೆ ಚಿನ್ನದ ಗಣಿಯಲ್ಲಿ ಕೆಲಸದಲ್ಲಿದ್ದ ನನ್ನ ಅಣ್ಣನಿಗೆ ಹೇಳಿಕಳಿಸಿದರು. ಅಣ್ಣ ಬಂದು ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ನನ್ನನ್ನು ಗಣಿಯ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ತಲೆಯ ಫೋಟೊ ತೆಗೆದರು. ಮೆದುಳಿನ ಮೇಲಿನ ಪೊರೆಯಲ್ಲಿ ಗಡ್ಡೆ ಎದ್ದಿದೆ, ಅಪರೂಪದ್ದು, ಅದು ಒಳಗಿನಿಂದ ಮೂಳೆಯನ್ನೂ ದಪ್ಪ ಮಾಡಿದೆ, ಮದರಾಸಿನಲ್ಲಿ ತಲೆ ತೆರೆಯುವ ಡಾಕ್ಟರಿದ್ದಾರೆ, ತಡ ಮಾಡಬೇಡಿ ಅಂದರು. ನನಗೆ ಅರ್ಥವಾಗಲಿಲ್ಲವೆಂದು ಅಣ್ಣ, "ತೆಂಗಿನಕಾಯಿ ಒಳಗೆ ಕೊಬ್ಬರಿಗೆ ಅಂಟಿಕೊಂಡು ಕಂದು ಸಿಪ್ಪೆ ಇರುತ್ತಲ್ಲ, ಅಲ್ಲಿ ಆಗಿರೋದು ಕಣಮ್ಮ. ಕೊಬ್ಬರಿಗೆ ಏನೂ ಆಗಿಲ್ಲ" ಅಂದ.

ಮನೆಗೆ ಬಂದು ಹೇಳಿದಾಗ ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎದುರಾಡುವುದು ಸುಲಭವಿತ್ತು. ಗೋಡೆಗೆ ಒರಗಿ ಕೂತರು.

"ಒಂದ್ಸಲ ಅಮ್ಮ ಬಂದಿದ್ದ ಮಗೂನ ಆಸ್ಪತ್ರೆಗೆ ಹೊತ್ಕೊಂಡು ಹೋದೆ. ತಂದಿದ್ದು ಏನು? ಈಗ ಅವಳು ಕೂತಿರೋ ಜಾಗಾನೇ ಕೊಯ್ಸು ಅಂತೀರಲ್ಲಪ್ಪಾ. ಈ ಹುಡುಗೀನೂ ಕಳ್ಕೊಳ್ಳಾ ನಾನು?"

ಈ ಹುಡುಗಿ ಅಂದರೆ ನಾನು. ಮಗಳ ಮದುವೆ ಮಾಡಿ ಕಳಿಸಿದ್ದ, ತಲೆ ನರೆಯುತ್ತಿದ್ದ ನಾನು.

"ಕಾಯ್ತಾ ಕೂತ್ರೂ ಕಳ್ಕೋತೀರ ಅತ್ತೆಮ್ಮ" ಎಂದ ಅಣ್ಣ.

"ಕೇಳ್ತೀನಿ. ಅಮ್ಮನ್ನೇ ಕೇಳ್ತೀನಿ. ಹೂಂ ಅಂದ್ರೆ ಕರ್ಕೊಂಡು ಹೋಗು."

ಹಾಗಾಗಿ ಶುಕ್ರವಾರ ನನ್ನನ್ನು ದೇವರ ಮುಂದೆ ಕೂರಿಸಿದರು. ಸಾಂಬ್ರಾಣಿ ಹಾಕಿದರು. ಕಾಲು ಅದುರಲಿಲ್ಲ. ಅಮ್ಮ ಬರಲಿಲ್ಲ, ಬಾರದೆ ಕೇಳುವುದು ಹೇಗೆ? ಮುಂದಿನ ಶುಕ್ರವಾರವೂ ಹಾಗೇ ಆಯಿತು. ಅಣ್ಣ ರಜೆ ಮುಗಿದು ಹೋದ, ಮತ್ತೆ ಬಂದ. ತಲೆನೋವು ಬೆಳಗಿನ ಹೊತ್ತು ಕಣ್ಣು ಬಿಡಲು ಬಿಡುತ್ತಿರಲಿಲ್ಲ. ಕಾಲಿಗೆ ಅದುರುವಷ್ಟು ಶಕ್ತಿಯೂ ಉಳಿದಿರಲಿಲ್ಲ ಎಂದು ಈಗ ತಿಳಿಯುತ್ತದೆ. ಆಗ ನಾನೂ ಕಾಯುತ್ತಿದ್ದೆ. ದೇವರ ಮುಂದೆ ಕೂತು, ಅಲುಗೇ, ಒಂದು ಸಲ ಅಲುಗೇ ಎಂದು ನನ್ನ ಕಾಲನ್ನೇ ಬೇಡಿಕೊಳ್ಳುತ್ತಿದ್ದೆ. ಹಾಗೆ ಶುಕ್ರವಾರಗಳು ಹೋದವು. ನನಗೆ ಉಳಿದಿರುವ ದುಃಖವೆಲ್ಲ ಆ ಶುಕ್ರವಾರಗಳದ್ದು.

ಆ ಗಂಟು ಬಿಡಿಸಿದವಳು ಮುನಿತಾಯಮ್ಮ. ಅವಳು ವಾದ ಮಾಡಲಿಲ್ಲ, ಡಾಕ್ಟರ ಮಾತೂ ಎತ್ತಲಿಲ್ಲ. ನೀರು ತಂದು ಇಳಿಸಿ, ಸಿಂಬಿ ಕೈಯಲ್ಲಿ ಹಿಡಿದುಕೊಂಡೇ ಅತ್ತೆಯ ಮುಂದೆ ಬಂದು ಕೂತಳು.

"ಅತ್ತೆ, ಅಮ್ಮ ದೀಪ ಹೊತ್ತ ತಲೆ ಮೇಲೆ ತಾನೆ ಬಂದಿದ್ದು? ಇನ್ಮೇಲೆ ದೀಪ ನಾನು ಹೊರ್ತೀನಿ. ನನ್ನ ತಲೆ ಕೊಡ್ತೀನಿ ಅವಳಿಗೆ. ಕರೀರಿ. ಅಕ್ಕನ್ನ ಬಿಟ್ಟು ನನ್ನ ಮೇಲೆ ಬಂದು ಕೂರ್ಲಿ. ಆಮೇಲೆ ಖಾಲಿ ಜಾಗ ಕೊಯ್ದ್ರೆ ಏನು ತಪ್ಪು?"

"ಲೇ, ಆಡೋ ಮಾತಾ ಇದು?" ಎಂದರು ಅತ್ತೆ.

"ಯಾಕೆ, ನನ್ನ ತಲೆ ಅವಳಿಗೆ ಚಿಕ್ಕದಾ? ಅಳತೆ ನೋಡ್ಕೊಳ್ರಿ ಬೇಕಾದ್ರೆ."

ಅಷ್ಟು ದಿನಗಳಲ್ಲಿ ಮೊದಲ ಸಲ ನಮ್ಮನೆಯವರು ನಕ್ಕರು. ಅತ್ತೆ ನಗಲಿಲ್ಲ. ಯೋಚಿಸಿದರು. ಮಾರನೆಯ ಬೆಳಿಗ್ಗೆ ಅರಿಶಿನದ ನೀರು ಕಲಸಿ, ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿ, ನನ್ನ ಕುಳಿಯ ಸಿಂಬಿಯನ್ನು ನನ್ನ ನೆತ್ತಿಗೆ ಮುಟ್ಟಿಸಿ ಅವಳ ನೆತ್ತಿಯ ಮೇಲಿಟ್ಟರು. "ದಾ ತಲ್ಲೀ, ಇಕ್ಕಡಿಕಿ ದಾ" ಎಂದು ಕರೆದರು. ಬಾ ತಾಯಿ, ಇಲ್ಲಿಗೆ ಬಾ ಎಂದು. ಮುನಿತಾಯಮ್ಮ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದಳು. ಅಮ್ಮ ಬಂದರೆ ತನ್ನ ತಲೆಯೊಳಗೂ ಗಡ್ಡೆ ಏಳಬಹುದು ಎಂದು ಅವಳು ಹೆದರಿದ್ದಳಂತೆ. ಹೆದರಿಯೂ ಕೂತಳು. ಇದನ್ನು ಅವಳು ನನಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ. ವಕ್ಕಲೇರಿಯವರಿಗೆ ನಾನು ಹೇಳಲಾಗದ ಉತ್ತರ ಇದು. ಮನೆಯವರನ್ನು ನಾನು ಒಪ್ಪಿಸಲಿಲ್ಲ. ನನ್ನ ಬದಲಿಗೆ ಒಬ್ಬಳು ತಲೆ ಕೊಟ್ಟಳು.

ಅಮ್ಮ ಜಾಗ ಬಿಟ್ಟಳು ಎಂದು ಅತ್ತೆ ಹೂಂ ಅಂದ ಮೇಲೆ ಬೌರಿಂಗ್‌ಪೇಟೆಯಲ್ಲಿ ರೈಲು ಹತ್ತಿದೆವು. ಅಣ್ಣ, ನಮ್ಮನೆಯವರು, ನಾನು. ಮದರಾಸಿನ ಆಸ್ಪತ್ರೆಯ ಕಿಟಕಿಗಳಿಗೆಲ್ಲ ಯುದ್ಧದ ಭಯಕ್ಕೆ ಕಪ್ಪು ಕಾಗದ ಅಂಟಿಸಿದ್ದರು. ಹಗಲಲ್ಲೂ ವಾರ್ಡಿನಲ್ಲಿ ಸಂಜೆಯ ಬೆಳಕು. ಕ್ಷೌರಿಕ ಬಂದು ನನ್ನ ಹಣೆಯ ಕುಂಕುಮ ನೋಡಿ ಕತ್ತಿ ಹಿಡಿದು ನಿಂತುಬಿಟ್ಟ. ಗಂಡ ಎದುರಿಗೇ ಇರುವ ಹೆಂಗಸಿನ ತಲೆ ಬೋಳಿಸುವುದು ಅವನಿಗೂ ಕಷ್ಟ. "ಮಾಡಪ್ಪಾ" ಅಂದೆ. ಕೂದಲನ್ನು ಅಣ್ಣ ಟವಲಿನಲ್ಲಿ ಕಟ್ಟಿಕೊಂಡು, "ತಿರುಪತಿಗೆ ಮುಡಿ ಕೊಟ್ಟೆ ಅಂದ್ಕೋ. ವಾಪಸು ಹೋಗ್ತಾ ನಾನೇ ಒಪ್ಪಿಸಿ ಬರ್ತೀನಿ" ಅಂದ. ನಮ್ಮನೆಯವರು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತಿದ್ದರು.

ನೋಯುತ್ತಾ ಎಂದು ಕೇಳಿದ್ದರಲ್ಲ. ಚರ್ಮಕ್ಕೆ ಸೂಜಿ ಚುಚ್ಚುವಾಗ ನೋಯುತ್ತದೆ. ಆಮೇಲೆ ನೋವಿಲ್ಲ. ನನ್ನನ್ನು ಪೂರ್ತಿ ನಿದ್ದೆ ಮಾಡಿಸಲಿಲ್ಲ. ಮಂಪರಿನಲ್ಲಿ ಸದ್ದು ಕೇಳುತ್ತಿತ್ತು. ಬೀಸುವ ಕಲ್ಲಿಗೆ ಮುಳ್ಳು ಹೊಡೆಯುವವನು ಉಳಿ ಇಟ್ಟು ಬಡಿಯುತ್ತಾನಲ್ಲ, ಆ ಸದ್ದು, ಕಲ್ಲಿನ ಒಳಗೆ ಕೂತು ಕೇಳಿದ ಹಾಗೆ. ಒಬ್ಬ ನರ್ಸಮ್ಮ ನನ್ನ ಕೈ ಹಿಡಿದುಕೊಂಡೇ ಇದ್ದಳು. ಅವಳ ಮುಖ ನಾನು ನೋಡಲಿಲ್ಲ, ಬೆರಳಿನ ಒಂದು ಸುಟ್ಟ ಗಾಯ ಮಾತ್ರ ನೆನಪಿದೆ.

ಎಷ್ಟು ಹೊತ್ತಾಗಿತ್ತೋ. ಹೊದಿಕೆಯ ಕೆಳಗೆ ಸತ್ತು ಮಲಗಿದ್ದ ನನ್ನ ಎಡಗಾಲು ಇದ್ದಕ್ಕಿದ್ದ ಹಾಗೆ ಅದುರಿತು. ಹೆಬ್ಬೆರಳು, ಹಿಮ್ಮಡಿ, ಮೊಣಕಾಲು, ಅದೇ ಕ್ರಮ. ತಮಟೆಯಿಲ್ಲ, ದೀಪವಿಲ್ಲ. ಡಾಕ್ಟರು ಕೈ ತೆಗೆದರು ಅಂತ ಕಾಣುತ್ತದೆ, ಕಾಲು ನಿಂತಿತು. ನಿಂತಾಗ ನನ್ನ ಬಾಯಿಗೆ ಬಂದದ್ದು ಅತ್ತೆಯ ಮಾತು. ಕೋಪಂ ಪೋಯಿಂದಾ ತಲ್ಲೀ. ಜೋರಾಗಿಯೇ ಅಂದೆನಂತೆ. ನರ್ಸಮ್ಮ ತೆಲುಗಿನವಳಿರಬೇಕು, "ಪೋಯಿಂದಮ್ಮಾ, ಪೋಯಿಂದಿ" ಎಂದು ಕೈ ಒತ್ತಿದಳು. ಹೋಯಿತಮ್ಮ, ಹೋಯಿತು. ಆ ಉತ್ತರ ಕೇಳಬೇಕಾದವರು ಅಲ್ಲಿರಲಿಲ್ಲ. ಕಾಲು ಅದುರಿದ್ದು ಅದೇ ಕೊನೆ.

ಗಡ್ಡೆಯ ಒಂದು ಚೂರು ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತಂತೆ, ಅದನ್ನು ಕೀಳಲಾಗದೆ ಬಿಟ್ಟಿದ್ದರು. ಗಾಯ ಮಾಗಿದ ಮೇಲೆ ಅದನ್ನು ಯಂತ್ರದ ಕಿರಣದಿಂದ ಸುಡಬೇಕು, ಅಲ್ಲಿಯವರ ಮಾತಿನಲ್ಲಿ ಕರೆಂಟು ಕೊಡಿಸಬೇಕು, ಅಂದರು. ಕಾಲಿನ ಮಾತನ್ನು ಅಣ್ಣನ ಹತ್ತಿರ ಹೇಳಿದರಂತೆ. ಒಂದು ವರ್ಷ ಮೊದಲು ಬಂದಿದ್ದರೆ ನಡೆಯುತ್ತಿದ್ದರು ಎಂದು. ಅಣ್ಣ ಅದನ್ನು ಬಹಳ ಕಾಲ ಮುಚ್ಚಿಟ್ಟಿದ್ದ.

ಕರೆಂಟು ಕೊಡುವ ಕೋಣೆಯ ಮುಂದೆ ಉದ್ದನೆಯ ಬೆಂಚು. ವಾರಗಟ್ಟಲೆ ಆ ಬೆಂಚೇ ನಮ್ಮ ಮನೆ. ಒಳಗೆ ತಲೆಯ ಎರಡೂ ಕಡೆ ಮರಳಿನ ಚೀಲ ಒತ್ತಿಟ್ಟು, ಮೇಲೆ ತೂತಿರುವ ಸೀಸದ ತಗಡು ಇಟ್ಟು, ಎಲ್ಲರೂ ಹೊರಗೆ ಓಡಿಹೋಗಿ ಬಾಗಿಲು ಹಾಕುತ್ತಿದ್ದರು. ಯಂತ್ರ ಹೆಜ್ಜೇನಿನ ಹಾಗೆ ಗುಂಯ್‌ಗುಡುತ್ತಿತ್ತು. ನೋವಿಲ್ಲ, ಶಾಖವೂ ಇಲ್ಲ. ಏನೂ ಆಗದ ಹಾಗೆ ಎದ್ದು ಬಂದರೆ ಸಂಜೆ ವಾಂತಿ. ಚಿಗುರಿದ ಕೂದಲು ಆ ಜಾಗದಲ್ಲಿ ಉದುರಿತು, ಮತ್ತೆ ಬರಲಿಲ್ಲ.

ಆ ಬೆಂಚಿನ ಮೇಲೆ ನನಗೆ ಸಿಕ್ಕವರು ಜೈತೂನ್ ಬೀ. ಮುಳಬಾಗಿಲಿನಲ್ಲಿ ಬಳೆ ತೊಡಿಸುವವರು. ಕೆನ್ನೆಯ ಒಳಗೆ ಹುಣ್ಣು. ಮಾತಾಡಿದರೆ ನೋವು, ಆದರೂ ಮಾತು ಬಿಡರು. ನಾನು ಸೆರಗನ್ನು ಹಣೆಯ ಮೇಲೆ ಎಳೆದೆಳೆದುಕೊಳ್ಳುವುದನ್ನು ನೋಡಿ ಒಂದು ದಿನ ಪಕ್ಕಕ್ಕೆ ಸರಿದರು.

"ಅರೆ ಪಾರ್ವತಮ್ಮ, ಸೆರಗು ಜಾರ್ತೈತೆ, ಕೈ ನೋಯ್ತೈತೆ, ಯಾಕೆ? ನಮ್ಮಂಗೆ ಕಟ್ಕೋ. ಯಾರು ಕೇಳ್ತಾರೆ ಒಳಗೆ ಕೂದ್ಲು ಐತಾ ಇಲ್ವಾ ಅಂತ?"

ತಮ್ಮ ಬಿಳಿ ಓಢಣಿಯನ್ನು ನನ್ನ ತಲೆಗೆ ಸುತ್ತಿ ಗಲ್ಲದ ಕೆಳಗೆ ಸಿಕ್ಕಿಸಿದರು. ಆಪರೇಶನ್ನಿಗೆಂದು ಬಿಚ್ಚಿಟ್ಟು ಬರಿದಾಗಿದ್ದ ನನ್ನ ಕೈಗೆ, ಗಂಟಿನಿಂದ ಹಸಿರು ಗಾಜಿನ ಬಳೆ ತೆಗೆದು, ಕೈ ಹಿಚುಕಿ ನೋವಾಗದ ಹಾಗೆ ತೊಡಿಸಿದರು. "ಊರಿಗೆ ಬಂದ್ಮೇಲೆ ಅಂಗಡಿಗೆ ಬಾ. ಚಿಕ್ಕದಾಗಿದ್ರೆ ಬದ್ಲಾಯ್ಸಿ ಕೊಡ್ತೀನಿ." ಬರುತ್ತೇನೆ ಅಂದೆ. ಊರಿಗೆ ಬಂದ ಮೇಲೆ ಈ ಕಾಲಿನಲ್ಲಿ ಹೇಗೆ ಹೋಗುವುದು ಎಂದು ಇವತ್ತು ನಾಳೆ ಮಾಡಿದೆ. ಅವರು ತೀರಿಕೊಂಡ ಸುದ್ದಿ ಸಂತೆಗೆ ಹೋಗಿದ್ದ ನಮ್ಮನೆಯವರ ಬಾಯಲ್ಲಿ ತಿಳಿಯಿತು. ಗಾಡಿ ಕಟ್ಟಿದ್ದರೆ ಒಂದು ಹೊತ್ತಿನ ದಾರಿ. ಓಢಣಿ ಪೆಟ್ಟಿಗೆಯಲ್ಲಿದೆ.

ಊರಿಗೆ ಬಂದಾಗ ಅತ್ತೆ ಆರತಿ ಎತ್ತಿದರು. ನನ್ನ ತಲೆಯ ಹಳ್ಳವನ್ನು ಮೆಲ್ಲಗೆ ಮುಟ್ಟಿ ಕೈ ಹಿಂದಕ್ಕೆ ತೆಗೆದರು. "ಪಾರ್ವತಿ, ಒಳಗೆ ಬಾ" ಅಂದರು. ಮುಂದಿದ್ದ "ಏ" ಹೋಗಿತ್ತು, "ತಾಯೀ" ಕೂಡ ಹೋಗಿತ್ತು. ಮೊದಲ ಮುದ್ದೆ ಮತ್ತೆ ಗಂಡಸರ ತಟ್ಟೆಗೆ ಹೋಯಿತು. ಅದಕ್ಕೆ ನಾನು ನೊಂದೆ ಎಂದರೆ ನಗಬೇಡಿ.

ಅವರ ಕಾಯುವಿಕೆ ಮುನಿತಾಯಮ್ಮನ ಕಡೆಗೆ ತಿರುಗಿತು. ಪ್ರತಿ ವರ್ಷ ಅವಳು ದೀಪ ಹೊತ್ತು ಹೋಗುವಾಗ ಅತ್ತೆ ಪಕ್ಕದಲ್ಲೇ ಅವಳ ಪಾದಗಳನ್ನು ನೋಡುತ್ತ ನಡೆಯುವರು. ಅವಳ ಕಾಲು ಒಮ್ಮೆಯೂ ಅದುರಲಿಲ್ಲ. ದೇವರು ದೊಡ್ಡದು. ಆದರೆ ಅತ್ತೆಗೆ ಉತ್ತರ ಹೇಳುವವರು ಮತ್ತೆ ಯಾರೂ ಇಲ್ಲವಾದರು. ಗುನುಗುವುದು ನಿಂತಿತು. ಎಲ್ಲರೂ ಮಲಗಿದ ಮೇಲೆ ಅವರು ಗೋಡೆಗೆ ಒರಗಿ ಕೂತಿರುವುದು ಶುರುವಾಯಿತು. ಗಡ್ಡೆಯ ಜೊತೆ ಡಾಕ್ಟರು ನನ್ನ ತಲೆಯಿಂದ ಈ ಮುದುಕಿಯ ನಿದ್ದೆಯನ್ನೂ ಕೊಯ್ದು ತೆಗೆದರು ಎಂದು ಎಷ್ಟೋ ಸಲ ಅನಿಸಿದೆ. ಕಾಲು ಹೋಯಿತೆಂದು ಅವರ ಮೇಲೆ ಸಿಟ್ಟು ಬಂದಾಗಲೂ ಇದು ನೆನಪಾಗುತ್ತದೆ, ಸಿಟ್ಟು ಅರ್ಧಕ್ಕೇ ನಿಲ್ಲುತ್ತದೆ. ಪೂರ್ತಿ ಹೋಗುವುದೂ ಇಲ್ಲ.

ಇವತ್ತು ಶುಕ್ರವಾರ. ಬಿಸಿಲು ಇಳಿದ ಮೇಲೆ ಅವರ ಪಾದಗಳಿಗೆ ಎಣ್ಣೆ ತಿಕ್ಕುತ್ತಿದ್ದೆನಲ್ಲ, ಅವರು ಇದ್ದಕ್ಕಿದ್ದ ಹಾಗೆ ಕಾಲು ಎಳೆದುಕೊಂಡು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡರು. ನನ್ನ ಎಡಗಾಲನ್ನು ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡು ಎಣ್ಣೆ ಹಚ್ಚತೊಡಗಿದರು. ಬೇಡ ಅತ್ತೆ ಅಂದೆ, ಕೇಳಲಿಲ್ಲ.

"ವಕ್ಕಲೇರಿಯೋರು ಕೇಳಿದ್ರಲ್ಲ, ಮನೇಲಿ ಹೆಂಗೆ ಒಪ್ಸಿದ್ರಿ ಅಂತ. ನೀನು ನನ್ನ ಕಡೆ ನೋಡಿ ಸುಮ್ನಾದೆ" ಅಂದರು.

ಬೆರಳುಗಳ ಸಂದಿಗೂ ಎಣ್ಣೆ ಹಚ್ಚಿದರು.

"ಕೋಪ ಹೋಯ್ತೇನೇ ಪಾರ್ವತಿ?"

ತೆಲುಗಿನಲ್ಲಲ್ಲ, ಕನ್ನಡದಲ್ಲಿ ಕೇಳಿದರು. ಹೋಯಿತು ಅನ್ನಲು ಬಾಯಿ ಬರಲಿಲ್ಲ. ಇದೆ ಅನ್ನಲೂ ಬರಲಿಲ್ಲ. ಅವರು ಹಿಂದೆ ಹಿಡಿಯುತ್ತಿದ್ದ ಹಾಗೆಯೇ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕಾದರು. ಕಾಲು ಅಲುಗಲಿಲ್ಲ. ಸ್ವಲ್ಪ ಹೊತ್ತು ನೋಡಿ, ಅಲುಗದಿರುವುದನ್ನೇ ಉತ್ತರ ಎಂದುಕೊಂಡವರ ಹಾಗೆ "ಹೂಂ" ಎಂದು ಅದನ್ನು ಮೆಲ್ಲಗೆ ಕೆಳಗಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದು ಒಲೆಯ ಕಡೆ ಹೋದರು.

ಸೀಮೆಎಣ್ಣೆ ಉಳಿಸಲು ಬೇಗನೆ ಊಟ ಮಾಡಿದೆವು. ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಂದೊಂದು ಈರುಳ್ಳಿ. ಅತ್ತೆ ಉಪವಾಸ ಬಿಟ್ಟರು, ಒಂದೂವರೆ ಮುದ್ದೆ ಉಂಡರು. ಮುನಿತಾಯಮ್ಮ ನಾಳೆಯ ನೀರಿಗೆ ಬಿಂದಿಗೆ ಬೆಳಗಿ ಬೋರಲು ಹಾಕಿದಳು. ಗಂಡಸರು ಜಗುಲಿಯಲ್ಲಿ ಇನ್ನೂ ಹುಣಸೆಹಣ್ಣಿನ ಮಾತಾಡುತ್ತಿದ್ದಾರೆ. ಅತ್ತೆ ಇವತ್ತು ಗೋಡೆಗೆ ಒರಗಿ ಕೂರದೆ, ಚಾಪೆ ಹಾಸಿಕೊಂಡು ನನ್ನ ಕಾಲ ಹತ್ತಿರ ಮಲಗಿದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅವರು.